ಅವಧಿಗೆ ಮೊದಲೇ ಬಿಟ್ಟುಹೋಗುವ ಬಾಡಿಗೆದಾರ: ಮೊದಲು ಕೀಲಿಕೈ, ಆಮೇಲೆ ಲೆಕ್ಕ



ಬಾಡಿಗೆಗೆ ಬಂದವನು ಜಾಗ ಬಿಡುವುದಿಲ್ಲ ಎಂಬ ದೂರು ಮುಂಬಯಿಯಲ್ಲಿ ಬಹಳ ಹಳೆಯದು. ಅದರ ಬಗ್ಗೆ ನಮ್ಮ ಸದಸ್ಯರಿಗೆಲ್ಲ ಅಷ್ಟಿಷ್ಟು ತಿಳುವಳಿಕೆ ಇದೆ. ಆದರೆ ಈಗೀಗ ಕೇಳಿಬರುತ್ತಿರುವುದು ಇದಕ್ಕೆ ತೀರ ಉಲ್ಟಾ. ಐದು ವರ್ಷಕ್ಕೆಂದು ಕರಾರು ಬರೆದುಕೊಂಡು, ಪೂಜೆ ಮಾಡಿಸಿ, ಬೋರ್ಡು ಬದಲಿಸಿ ಕೂತವನು ಎಂಟು ಹತ್ತು ತಿಂಗಳಲ್ಲಿ "ಅಣ್ಣಾ, ನನ್ನಿಂದ ತೂಗಿಸಲಿಕ್ಕೆ ಆಗುವುದಿಲ್ಲ, ಈ ತಿಂಗಳಿಗೆ ಬಿಡುತ್ತೇನೆ" ಎನ್ನುತ್ತಾನೆ. ಕೆಲವರು ಅಷ್ಟೂ ಹೇಳುವುದಿಲ್ಲ. ಒಂದು ಬೆಳಿಗ್ಗೆ ಶಟರ್ ಮೇಲಾಗುವುದೇ ಇಲ್ಲ.

ನಮ್ಮಲ್ಲಿ ಬಹಳ ಜನರ ಮಕ್ಕಳು ಇಂಜಿನಿಯರೋ ಸಿ.ಎ.ಯೋ ಆಗಿ ಗಲ್ಲೆಯ ಮೇಲೆ ಕೂರಲು ತಯಾರಿಲ್ಲ. ಹಾಗಾಗಿ ನಡೆಯುವ ಹೋಟೆಲನ್ನೇ ಕಂಡಕ್ಟಿಂಗಿಗೆ ಕೊಡುವುದು, ಇಲ್ಲವೇ ಸ್ವಂತ ಗಾಳಾವನ್ನು ಲೀವ್ ಅಂಡ್ ಲೈಸೆನ್ಸ್ ಮೇಲೆ ಕೊಡುವುದು ಸಾಮಾನ್ಯವಾಗಿದೆ. ನಿವೃತ್ತಿಯ ಆದಾಯವೇ ಅದು. ಅದು ನಡುವೆ ನಿಂತರೆ ಮನೆಯ ಲೆಕ್ಕವೇ ತಪ್ಪುತ್ತದೆ. ನಾನು ವಕೀಲನಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿ ಗಲ್ಲೆ ಹಿಡಿದವನು. ಆದರೆ ಇಂಥ ನಾಲ್ಕೈದು ತಕರಾರುಗಳಲ್ಲಿ ಎರಡೂ ಕಡೆಯವರ ಮಧ್ಯೆ ಕೂತು, ಅವರ ಜೊತೆ ವಕೀಲರ ಆಫೀಸಿನ ಮೆಟ್ಟಿಲು ಹತ್ತಿ ಇಳಿದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಪಾಟಿನಿಂದ ಕರಾರುಪತ್ರ ತೆಗೆಯಿರಿ

ಸಿಟ್ಟಿನಲ್ಲಿ ಫೋನ್ ಮಾಡುವ ಮೊದಲು ಕರಾರುಪತ್ರ ಓದಬೇಕು. ಲಾಕ್-ಇನ್ ಎಷ್ಟು ತಿಂಗಳು, ಅದು ಇಬ್ಬರಿಗೂ ಅನ್ವಯಿಸುತ್ತದೆಯೋ ಒಬ್ಬರಿಗೋ, ನೋಟಿಸು ಎಷ್ಟು ದಿನದ್ದು, ಡಿಪಾಜಿಟ್ ಯಾವಾಗ ವಾಪಸು ಎಂದು ಬರೆದಿದೆ, ಈ ನಾಲ್ಕು ಸಂಗತಿ ನೋಡಿ. ಲಾಕ್-ಇನ್ ಬರೆದಿಲ್ಲ, ಒಂದು ತಿಂಗಳ ನೋಟಿಸು ಕೊಟ್ಟು ಯಾರೂ ಬಿಡಬಹುದು ಎಂದು ಬರೆದಿದ್ದರೆ, ಅವನು ಬಿಟ್ಟದ್ದು ಕರಾರು ಮುರಿದಂತೆ ಆಗುವುದೇ ಇಲ್ಲ. ಒಂದು ತಿಂಗಳ ಬಾಡಿಗೆ, ಲೈಟ್ ಬಿಲ್ಲು ಮುರಿದುಕೊಂಡು ಬಾಕಿ ಡಿಪಾಜಿಟ್ ಕೊಡಲೇಬೇಕು. "ಐದು ವರ್ಷ ಅಂತ ಹೇಳಿದ್ದನಲ್ಲ" ಎಂಬ ಮಾತು ನಡೆಯುವುದಿಲ್ಲ.

ಕರಾರು ರಿಜಿಸ್ಟರ್ ಆಗಿದೆಯೇ ಎಂಬುದೂ ಮುಖ್ಯ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999ರ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ರಿಜಿಸ್ಟರ್ ಆಗಿರಬೇಕು. ಆ ಜವಾಬ್ದಾರಿ ಜಾಗದ ಮಾಲಕನದು, ಬಾಡಿಗೆಗೆ ಬಂದವನದಲ್ಲ. ರಿಜಿಸ್ಟರ್ ಮಾಡಿಸದಿದ್ದರೆ ಮಾಲಕನಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಬರಹದ, ರಿಜಿಸ್ಟರ್ ಆದ ಕರಾರು ಇಲ್ಲದಿದ್ದರೆ ಷರತ್ತುಗಳು ಏನಿದ್ದವು ಎಂಬ ಬಗ್ಗೆ ಬಾಡಿಗೆಗೆ ಬಂದವನು ಹೇಳಿದ್ದೇ ನಿಜ ಎಂದು ಹಿಡಿಯಲಾಗುತ್ತದೆ, ಬೇರೆ ಎಂದು ಸಾಬೀತು ಮಾಡುವುದು ನಮ್ಮ ತಲೆಯ ಮೇಲೆ. ಸ್ಟಾಂಪ್ ಕಾಗದದ ಮೇಲೆ ಟೈಪ್ ಮಾಡಿ ನೋಟರಿ ಸಿಕ್ಕಾ ಹೊಡೆಸಿದರೆ ಆಯಿತು ಎಂದು ತಿಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಲಾಕ್-ಇನ್ ಇತ್ತೋ ಇಲ್ಲವೋ ಎಂಬ ಪ್ರಶ್ನೆ ಬಂದಾಗ ಅವರಿಗೆ ಇದರ ಅರ್ಥ ಗೊತ್ತಾಗುತ್ತದೆ.

ಪಗಡಿ ಜಾಗದಲ್ಲಿರುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ನೀವೇ ಹಳೆಯ ಬಾಡಿಗೆದಾರರಾಗಿದ್ದು, ಕಟ್ಟಡದ ಮಾಲಕನ ಲಿಖಿತ ಒಪ್ಪಿಗೆ ಇಲ್ಲದೆ ಕಂಡಕ್ಟಿಂಗಿಗೆ ಕೊಟ್ಟಿದ್ದರೆ, ಕೋರ್ಟಿಗೆ ಹೋಗುವ ಮೊದಲು ಹತ್ತು ಸಲ ಯೋಚಿಸಿ. ನೀವು ಹಾಕುವ ದಾವೆಯೇ ನಾಳೆ ಕಟ್ಟಡದ ಮಾಲಕನ ಕೈಗೆ ಸಿಕ್ಕ ಸಾಕ್ಷಿ ಆಗಬಹುದು. ಅನುಮತಿ ಇಲ್ಲದೆ ಜಾಗ ಬೇರೆಯವರಿಗೆ ಕೊಟ್ಟದ್ದು ಬಾಡಿಗೆದಾರನನ್ನು ತೆರವು ಮಾಡಿಸಲು ಅದೇ ಕಾಯಿದೆಯಲ್ಲಿ ಹೇಳಿರುವ ಕಾರಣಗಳಲ್ಲಿ ಒಂದು. ಮೂರು ತಿಂಗಳ ಬಾಡಿಗೆಗಾಗಿ ಐವತ್ತು ವರ್ಷದ ಜಾಗ ಪಣಕ್ಕಿಡಬಾರದು. ಇಂಥವರಿಗೆ ರಾಜಿಯೇ ದಾರಿ.

ಹೇಳಿದ ದಿನ ಏನು ಮಾಡಬೇಕು

"ಬಿಡುತ್ತೇನೆ" ಎಂದು ಬಾಯಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಲು ಹೇಳಿ. ವಾಟ್ಸ್ಆಪ್ ಸಂದೇಶವಾದರೂ ಸಾಕು. ನೀವೂ ಬರಹದಲ್ಲೇ ಉತ್ತರ ಕೊಡಿ: ಲಾಕ್-ಇನ್ ಇಂಥ ತಾರೀಕಿನವರೆಗೆ ಇದೆ, ನೀವು ಬಿಡುವುದು ಕರಾರಿಗೆ ವಿರುದ್ಧ, ನಷ್ಟ ಕಡಿಮೆ ಮಾಡುವ ಉದ್ದೇಶದಿಂದ ನಾನು ಜಾಗದ ಕೀಲಿಕೈ ತೆಗೆದುಕೊಳ್ಳುತ್ತೇನೆ, ನಷ್ಟ ವಸೂಲು ಮಾಡುವ ನನ್ನ ಹಕ್ಕು ಹಾಗೆಯೇ ಇರುತ್ತದೆ. ಇಷ್ಟೇ. ಫೋನಿನಲ್ಲಿ "ಆಯಿತು ಹೋಗು ಮಾರಾಯ" ಎಂದರೆ ನೀವೇ ಒಪ್ಪಿ ಬಿಡಿಸಿದಿರಿ ಎಂದು ಆಮೇಲೆ ಅವನ ವಕೀಲ ಬರೆಯುತ್ತಾನೆ. "ಹೇಗೆ ಹೋಗುತ್ತೀ ನೋಡುತ್ತೇನೆ" ಎಂದರೆ ಅವನು ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಂಡು ಊರಿಗೆ ಹೋಗಿ ಕೂರುತ್ತಾನೆ. ಎರಡೂ ನಮಗೇ ನಷ್ಟ.

ಇಲ್ಲಿ ನಮ್ಮವರು ಎಡವುವುದನ್ನು ಹೆಚ್ಚಾಗಿ ನೋಡಿದ್ದೇನೆ. "ಬಾಕಿ ಹಣ ಇಡು, ಆಮೇಲೆ ಕೀಲಿಕೈ ತೆಗೆದುಕೊಳ್ಳುತ್ತೇನೆ" ಎಂದು ಹಟ ಹಿಡಿಯುತ್ತಾರೆ. ಡಿಪಾಜಿಟ್ ನಮ್ಮ ಕೈಯಲ್ಲೇ ಇದೆ, ಅದು ಎಲ್ಲಿಯೂ ಹೋಗುವುದಿಲ್ಲ. ಹೋಗುತ್ತಿರುವುದು ದಿನಗಳು. ಜಾಗ ಕೈಗೆ ಬರಲಿ, ಹಣದ ಜಗಳ ಆಮೇಲೂ ಮಾಡಬಹುದು.

ಕೀಲಿಕೈ ತೆಗೆದುಕೊಳ್ಳುವಾಗ ಒಂದು ಕಬ್ಜಾ ಪತ್ರ ಮಾಡಿಸಿ, ಇಬ್ಬರ ಸಹಿ, ಎರಡು ಸಾಕ್ಷಿ. ತಾರೀಕು, ಎಷ್ಟು ಕೀಲಿಕೈ, ಮೀಟರಿನ ರೀಡಿಂಗು, ಗ್ಯಾಸ್ ಸಿಲಿಂಡರುಗಳ ಲೆಕ್ಕ, ಗ್ರೈಂಡರು, ಫ್ರಿಜ್, ಭಟ್ಟಿ, ಎಕ್ಸಾಸ್ಟು ಯಾವ ಸ್ಥಿತಿಯಲ್ಲಿವೆ, ಎಲ್ಲ ಬರೆಯಿರಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ರಿಜಿಸ್ಟರ್ ಆದ ಕರಾರನ್ನು ರದ್ದು ಮಾಡುವ ಪತ್ರವನ್ನೂ ರಿಜಿಸ್ಟರ್ ಮಾಡಿಸುವುದು ಕ್ಷೇಮ. ಮುಂದಿನ ಗಿರಾಕಿಯ ವಕೀಲ ಅದನ್ನೇ ಮೊದಲು ಕೇಳುತ್ತಾನೆ.

ಈ ಪತ್ರದಲ್ಲಿ ಸೇರಿಸಬೇಕಾದ ಇನ್ನೆರಡು ಸಂಗತಿಗಳನ್ನು ಬಹಳ ಮಂದಿ ಮರೆಯುತ್ತಾರೆ. ಅವನ ಜಿ.ಎಸ್.ಟಿ. ನೋಂದಣಿಯೂ ಎಫ್.ಎಸ್.ಎಸ್.ಎ.ಐ. ಲೈಸೆನ್ಸೂ ನಮ್ಮ ಜಾಗದ ವಿಳಾಸದಲ್ಲಿ ಇರುತ್ತವೆ. ಅವನು ಅವನ್ನು ತೆಗೆಯದಿದ್ದರೆ ಹೊಸಬನ ಅರ್ಜಿಗೆ ತಕರಾರು ಬರುತ್ತದೆ, ಅವನ ಬಾಕಿಯ ನೋಟಿಸುಗಳು ನಮ್ಮ ಬಾಗಿಲಿಗೆ ಬರುತ್ತವೆ. ಸ್ವಿಗ್ಗಿ, ಜೊಮ್ಯಾಟೊಗಳಲ್ಲಿ ನಮ್ಮ ಹೋಟೆಲಿನ ಹೆಸರಲ್ಲಿ ಅವನ ಬ್ಯಾಂಕ್ ಖಾತೆ ಜೋಡಣೆ ಆಗಿರುತ್ತದೆ, ಅದನ್ನೂ ಅದೇ ದಿನ ಬಿಡಿಸಿಕೊಳ್ಳಬೇಕು. ಈ ಕೆಲಸಗಳು ಮುಗಿದ ಮೇಲೆಯೇ ಡಿಪಾಜಿಟಿನ ಉಳಿಕೆ ಕೊಡುವುದು ಎಂದು ಬರೆದುಕೊಳ್ಳಿ.

ಕಂಡಕ್ಟಿಂಗ್ ಆದರೆ ಸಂಗತಿ ಬೇರೆ

ಬರೀ ಗಾಳಾ ಕೊಟ್ಟಿದ್ದರೆ ಖಾಲಿ ಗೋಡೆ ವಾಪಸು ಬರುತ್ತದೆ. ಕಂಡಕ್ಟಿಂಗಿನಲ್ಲಿ ಹಾಗಲ್ಲ. ಹೆಸರು ನಮ್ಮದು, ಗುಮಾಸ್ತಾ ನಮ್ಮದು, ಮಹಾನಗರಪಾಲಿಕೆಯ ಆರೋಗ್ಯ ಲೈಸೆನ್ಸು ನಮ್ಮದು. ನಡೆಸುವವನು ರಾತ್ರಿ ಹೋದರೆ ಬೆಳಿಗ್ಗೆ ಐದಕ್ಕೆ ಹಾಲಿನವನು ಬಂದು ನಿಲ್ಲುವುದು ನಮ್ಮ ಬಾಗಿಲಲ್ಲಿ.

ನನಗೆ ತಿಳಿದ ಒಬ್ಬ ಹಿರಿಯರ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಠಾಣೆಯ ಕಡೆ ಸಣ್ಣ ಹೋಟೆಲು, ಕಂಡಕ್ಟಿಂಗಿಗೆ ಕೊಟ್ಟು ಹನ್ನೊಂದನೇ ತಿಂಗಳು. ನಡೆಸುವವನು ರಾತ್ರಿಗೆ ರಾತ್ರಿ ಹೋದ. ಬೆಳಿಗ್ಗೆ ಹದಿಮೂರು ಮಂದಿ ಕೆಲಸದವರು ಎರಡು ತಿಂಗಳ ಸಂಬಳಕ್ಕೆಂದು ಇವರ ಮನೆಗೆ ಬಂದರು. ಮಾಳಿಗೆಯಲ್ಲಿ ಮಲಗುವ ಹುಡುಗರು, ಎಲ್ಲಿಗೆ ಹೋಗಬೇಕು? ಮಗ ಪೊಲೀಸಿಗೆ ಹೋಗುವ ಎಂದ. ಹಿರಿಯರು ಮೊದಲು ಅಡುಗೆಯವನನ್ನು ಕರೆದು ಹಿಟ್ಟು ಎಷ್ಟಿದೆ ಎಂದು ಕೇಳಿದರು. ನಡೆಸುವವನು ಹೋಗುವಾಗ ಕೀಲಿಕೈ ಮ್ಯಾನೇಜರ್ ಹುಡುಗನ ಕೈಯಲ್ಲಿ ಬಿಟ್ಟಿದ್ದ, "ಸೇಟ್ರಿಗೆ ಕೊಡು" ಎಂಬ ಸಂದೇಶವೂ ಹುಡುಗನ ಮೊಬೈಲಿನಲ್ಲಿತ್ತು. ಆ ಸಂದೇಶದ ಫೋಟೋ ತೆಗೆದಿಟ್ಟು, ಸೊಸೈಟಿಯ ಸೆಕ್ರೆಟರಿಯನ್ನು ಸಾಕ್ಷಿಗೆ ನಿಲ್ಲಿಸಿ, ಸಾಮಾನಿನ ಪಟ್ಟಿ ಬರೆದು ಶಟರ್ ತೆಗೆದರು. ಆ ದಿನ ಇಡ್ಲಿ, ಉಪ್ಪಿಟ್ಟು, ಚಹಾ ಮಾತ್ರ. ಎರಡನೇ ದಿನದಿಂದ ಮಧ್ಯಾಹ್ನದ ಊಟ. ಕೆಲಸದವರಿಗೆ ಹಳೆ ಸಂಬಳದ ಅರ್ಧ ಆ ವಾರ, ಇನ್ನರ್ಧ ತಿಂಗಳ ಕೊನೆಗೆ, ಡಿಪಾಜಿಟಿನಿಂದ ಕೊಟ್ಟರು, ಪ್ರತಿಯೊಬ್ಬನ ಹತ್ತಿರ ಸಹಿ ತೆಗೆದುಕೊಂಡರು. ನಾಲ್ಕೂವರೆ ತಿಂಗಳು ತಾವೇ ಗಲ್ಲೆಯಲ್ಲಿ ಕೂತು ಆಮೇಲೆ ಹೊಸಬನಿಗೆ ಕೊಟ್ಟರು. ಮೊದಲಿಗಿಂತ ಕಡಿಮೆ ಬಾಡಿಗೆಗಲ್ಲ. ನಡೆಯುವ ಹೋಟೆಲಿಗೆ ಸಿಗುವ ಬೆಲೆ, ಬೀಗ ಬಿದ್ದ ಹೋಟೆಲಿಗೆ ಸಿಗುವುದಿಲ್ಲ. ಮುಚ್ಚಿದ ಹೋಟೆಲಿನ ಗಿರಾಕಿ ಎದುರಿನ ಹೋಟೆಲಿಗೆ ಒಗ್ಗಿಕೊಳ್ಳಲು ಹದಿನೈದು ದಿನ ಸಾಕು.

ಒಂದು ಎಚ್ಚರಿಕೆ. ಬಿಟ್ಟುಹೋದವನ ಧಂದೆಯನ್ನು ಅದೇ ಕೆಲಸದವರೊಂದಿಗೆ ನಾವು ಮುಂದುವರಿಸಿದರೆ ಅವನು ಕಟ್ಟದೆ ಬಿಟ್ಟ ಪಿ.ಎಫ್., ಇ.ಎಸ್.ಐ. ಬಾಕಿ ನಮ್ಮ ಮೇಲೂ ಬರಬಹುದು. ಅದಕ್ಕೆ ಕಂಡಕ್ಟಿಂಗ್ ನಡೆಯುತ್ತಿರುವಾಗಲೇ ತಿಂಗಳು ತಿಂಗಳು ಚಲನಿನ ನಕಲು ಕೇಳಬೇಕು. ಕೇಳಿದರೆ ಅವಮಾನ ಎಂದು ತಿಳಿಯುವವನಿಗೆ ಹೋಟೆಲು ಕೊಡದಿರುವುದೇ ಲೇಸು.

ನಷ್ಟದ ಲೆಕ್ಕ

ಈಗ ಹಣದ ಮಾತು. ನಮ್ಮಲ್ಲಿ ಬಹಳ ಜನರ ನಂಬಿಕೆ ಹೀಗಿದೆ: ಲಾಕ್-ಇನ್ 24 ತಿಂಗಳು, ಅವನು 10 ತಿಂಗಳಿಗೆ ಹೋದ, ಉಳಿದ 14 ತಿಂಗಳ ಬಾಡಿಗೆ ಪೂರ್ತಿ ನನಗೆ ಬರಬೇಕು. ಕರಾರಿನಲ್ಲಿ ಹಾಗೆ ಬರೆದೂ ಇರುತ್ತಾರೆ. ಬರೆದ ಮಾತ್ರಕ್ಕೆ ಕೋರ್ಟು ಅಷ್ಟೂ ಕೊಡಿಸುವುದಿಲ್ಲ.

1872ರ ಕರಾರು ಕಾಯಿದೆಯ 73ನೇ ಕಲಂ ಹೇಳುವುದು, ಕರಾರು ಮುರಿದದ್ದರಿಂದ ಆದ ನಷ್ಟಕ್ಕೆ ಪರಿಹಾರ. ನಷ್ಟ ಎಣಿಸುವಾಗ ಅದನ್ನು ಕಡಿಮೆ ಮಾಡಲು ನಮ್ಮ ಕೈಯಲ್ಲಿ ಏನು ಉಪಾಯ ಇತ್ತು ಎಂಬುದನ್ನೂ ನೋಡಬೇಕೆಂದು ಅದೇ ಕಲಮಿನ ವಿವರಣೆಯಲ್ಲಿ ಇದೆ. 74ನೇ ಕಲಂ, ಕರಾರಿನಲ್ಲಿ ಒಂದು ಮೊತ್ತ ಬರೆದಿದ್ದರೆ ಅದು ಮೇಲಿನ ಮಿತಿ, ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಎನ್ನುತ್ತದೆ. ಸುಪ್ರೀಂ ಕೋರ್ಟು 1963ರಲ್ಲಿ ಫತೇಚಂದ್ ಪ್ರಕರಣದಲ್ಲಿ ಇದನ್ನು ವಿವರಿಸಿತು. 2015ರ ಕೈಲಾಸ್‌ನಾಥ್ ಅಸೋಸಿಯೇಟ್ಸ್ ಪ್ರಕರಣ ಇನ್ನೂ ಸ್ಪಷ್ಟ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂದು ಪ್ಲಾಟಿನ ಹರಾಜಿನಲ್ಲಿ 3.12 ಕೋಟಿಗೆ ಕೂಗಿದವರ 78 ಲಕ್ಷ ಮುಂಗಡವನ್ನು ಮುಟ್ಟುಗೋಲು ಹಾಕಿತ್ತು. ಅದೇ ಪ್ಲಾಟು ಎರಡನೇ ಸಲ ಹರಾಜಿಗೆ ಹೋದಾಗ ಬಂದದ್ದು 11.78 ಕೋಟಿ. ಪ್ರಾಧಿಕಾರಕ್ಕೆ ನಷ್ಟವೇ ಆಗಿಲ್ಲ, ಹಣ ವಾಪಸು ಕೊಡಿ ಎಂದಿತು ಕೋರ್ಟು. ನಮ್ಮ ಗಾಳಾಕ್ಕೂ ಇದೇ ತತ್ವ. ಅವನು ಬಿಟ್ಟ ಮರುವಾರವೇ ಹೆಚ್ಚು ಬಾಡಿಗೆಗೆ ಇನ್ನೊಬ್ಬ ಬಂದರೆ, ಹಳೆಯವನ ಡಿಪಾಜಿಟನ್ನೆಲ್ಲ ಇಟ್ಟುಕೊಳ್ಳಲು ಬರುವುದಿಲ್ಲ.

ಒಂದು ಉದಾಹರಣೆಯ ಲೆಕ್ಕ ಹಾಕೋಣ. ತಿಂಗಳಿಗೆ 1,20,000 ಬಾಡಿಗೆ, 6,00,000 ಡಿಪಾಜಿಟ್. ಬಾಡಿಗೆ ಬಾಕಿ ಇಲ್ಲ, 14 ತಿಂಗಳು ಉಳಿದಿದೆ. ಕಾಗದದ ಮೇಲೆ 16,80,000 ಕಾಣುತ್ತದೆ. ನೀವು ಕೂಡಲೇ ಬೇರೆ ಗಿರಾಕಿ ಹುಡುಕಿ ಮೂರು ತಿಂಗಳಲ್ಲಿ 1,10,000ಕ್ಕೆ ಕೊಟ್ಟಿರಿ ಎನ್ನೋಣ. ಖಾಲಿ ಬಿದ್ದ ಮೂರು ತಿಂಗಳದು 3,60,000. ಉಳಿದ 11 ತಿಂಗಳಿಗೆ ಹತ್ತು ಹತ್ತು ಸಾವಿರದ ವ್ಯತ್ಯಾಸ 1,10,000. ದಲಾಲಿ ಒಂದು ತಿಂಗಳದು 1,10,000. ದುರಸ್ತಿ 40,000, ಲೈಟ್ ಬಿಲ್ಲು 28,000. ಒಟ್ಟು 6,48,000. ಡಿಪಾಜಿಟ್ ಮುರಿದುಕೊಂಡರೆ ನಿಮಗೆ ಬರಬೇಕಾದ್ದು ಬರೀ 48,000. ಅಂದರೆ ನಿಮ್ಮ ನಷ್ಟ ಹೆಚ್ಚುಕಡಿಮೆ ನಿಮ್ಮ ಕೈಯಲ್ಲೇ ಇದೆ. ಇದಕ್ಕೆ ಪ್ರತಿಯೊಂದಕ್ಕೂ ಬಿಲ್ಲು, ದಲಾಲನ ರಸೀದಿ, ಹೊಸ ಕರಾರು, ಜಾಗ ಬಾಡಿಗೆಗಿದೆ ಎಂದು ಹಾಕಿದ ಜಾಹೀರಾತು ಇಟ್ಟುಕೊಳ್ಳಿ.

ಇನ್ನೊಂದು ದಾರಿ, ಹಟಕ್ಕೆ ಬಿದ್ದು ಹದಿನಾಲ್ಕು ತಿಂಗಳು ಬೀಗ ಹಾಕಿ, ಸೊಸೈಟಿಯ ಮೆಂಟೆನೆನ್ಸು, ಪ್ರಾಪರ್ಟಿ ಟ್ಯಾಕ್ಸು ಕಿಸೆಯಿಂದ ಕಟ್ಟುತ್ತಾ 16,80,000ಕ್ಕೆ ದಾವೆ ಹೂಡುವುದು. "ನೀವು ಯಾಕೆ ಬೇರೆಯವರಿಗೆ ಕೊಡಲಿಲ್ಲ?" ಎಂದು ಅವರ ವಕೀಲ ಮೊದಲ ದಿನವೇ ಕೇಳುತ್ತಾನೆ. ಅದಕ್ಕೆ ಉತ್ತರ ಇರುವುದಿಲ್ಲ. ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿನ ಓಣಿಯಲ್ಲಿ ಕೂತು ತಾರೀಕು ಕಾದವರಿಗೆ ನಾನು ಹೇಳಬೇಕಾದ್ದಿಲ್ಲ.

ಆದ್ದರಿಂದ, ಮೇಲಿನಂಥ ಸಂದರ್ಭದಲ್ಲಿ ಅವನು ತಕ್ಷಣ ಕೀಲಿಕೈ ಕೊಟ್ಟು, ಕೆಲಸದವರ ಲೆಕ್ಕ ಚುಕ್ತಾ ಮಾಡಿ ಹೋಗುವುದಾದರೆ ನಾಲ್ಕು ತಿಂಗಳ ಬಾಡಿಗೆ ಇಟ್ಟುಕೊಂಡು ಬಾಕಿ ಕೊಟ್ಟು ಕಳಿಸುವುದು ಉತ್ತಮ ಎಂದು ನನ್ನ ಅಭಿಪ್ರಾಯ. ಸ್ವಲ್ಪ ಕಡಿಮೆ ಸಿಕ್ಕಿತು, ನಿಜ. ಆದರೆ ಅವನೂ ನಮ್ಮ ಊರಿನ ಕಡೆಯವನೇ ಆಗಿರುತ್ತಾನೆ, ನಾಳೆ ಯಾವುದೋ ಮದುವೆಯಲ್ಲಿ ಎದುರು ಸಿಗುವವನು. ಇದಕ್ಕೆ ಒಪ್ಪದವರೂ ಇದ್ದಾರೆ, ಬಿಟ್ಟುಕೊಟ್ಟರೆ ಎಲ್ಲರೂ ಓಡಿಹೋಗುತ್ತಾರೆ ಎನ್ನುತ್ತಾರೆ. ಬಾಕಿ ಬಾಡಿಗೆ ಇಟ್ಟು, ಸಾಮಾನು ಕದ್ದುಕೊಂಡು ಹೋದವನ ವಿಷಯದಲ್ಲಿ ನಾನೂ ಅವರ ಕಡೆಗೇ.

ಬೀಗ ಹಾಕಿ ಹೋದರೆ

ಕೀಲಿಕೈ ಕೊಡದೆ, ಫೋನ್ ಎತ್ತದೆ ಹೋದವನ ಬೀಗ ಒಡೆಯಬೇಡಿ. ಜಾಗ ನನ್ನದು, ಬೀಗ ಒಡೆದರೆ ಯಾರು ಕೇಳುತ್ತಾರೆ ಎಂಬ ಧೈರ್ಯ ಬೇಡ. ಕಾನೂನಿನ ದಾರಿ ಬಿಟ್ಟು ಕಬ್ಜಾ ತಪ್ಪಿಸಿದರೆ ಆರು ತಿಂಗಳೊಳಗೆ ದಾವೆ ಹೂಡಿ ಕಬ್ಜಾ ವಾಪಸು ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಂ ಅವಕಾಶ ಕೊಡುತ್ತದೆ. ಗಲ್ಲೆಯಲ್ಲಿ ಎರಡು ಲಕ್ಷ ಇತ್ತು, ಹೊಸ ಮಿಕ್ಸರ್ ಇತ್ತು ಎಂದು ಪೊಲೀಸರಿಗೆ ದೂರು ಕೊಟ್ಟರೆ ಇಲ್ಲ ಎಂದು ತೋರಿಸುವುದು ನಮ್ಮ ಪಾಡು.

ಕರಾರಿನಲ್ಲಿರುವ ವಿಳಾಸಕ್ಕೂ ಊರಿನ ವಿಳಾಸಕ್ಕೂ ವಕೀಲರಿಂದ ನೋಟಿಸು ಕಳಿಸಿ. (ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ ರಸೀದಿ ಜೋಪಾನ ಮಾಡಿ.) ವಾಟ್ಸ್ಆಪಿಗೂ ಹಾಕಿ. ಠಾಣೆಗೆ ಒಂದು ಮಾಹಿತಿ ಅರ್ಜಿ ಕೊಟ್ಟು ನಕಲಿನ ಮೇಲೆ ಸಿಕ್ಕಾ ಹಾಕಿಸಿಕೊಳ್ಳಿ. "ನಾನು ಬಿಟ್ಟಿದ್ದೇನೆ, ಜಾಗ ತೆಗೆದುಕೊಳ್ಳಿ" ಎಂದು ಅವನಿಂದ ಒಂದು ಸಾಲು ಬರಹ ಬಂದರೂ ಸಾಕು, ಪಂಚರ ಎದುರು ವಿಡಿಯೋ ಮಾಡಿಸಿ ತೆಗೆಯಬಹುದು. ಏನೂ ಬರದಿದ್ದರೆ ವಕೀಲರ ಮೂಲಕ ಕೋರ್ಟಿನ ದಾರಿಯೇ. ಬಾಡಿಗೆ ನಿಯಂತ್ರಣ ಕಾಯಿದೆಯ 24ನೇ ಕಲಮಿನ ಶೀಘ್ರ ತೆರವು, ದುಪ್ಪಟ್ಟು ಬಾಡಿಗೆ ಎಲ್ಲ ವಾಸದ ಮನೆಗೆ ಮಾತ್ರ, ಅಂಗಡಿಗೆ, ಹೋಟೆಲಿಗೆ ಅಲ್ಲ. ಒಳಗೆ ಗ್ಯಾಸ್ ವಾಸನೆ ಬಂದರೆ ಮಾತ್ರ ಕಾಯಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ, ಅವರೇ ತೆಗೆಯಲಿ.

ಅವನ ಮುಂದಿನ ತಾರೀಕಿನ ಚೆಕ್ಕುಗಳು ನಿಮ್ಮ ಹತ್ತಿರ ಇದ್ದರೆ, ಅವನು ಜಾಗದಲ್ಲಿದ್ದ ತಿಂಗಳುಗಳ ಬಾಡಿಗೆಯದನ್ನು ಹಾಕಿ. ಬೌನ್ಸ್ ಆದರೆ ಬ್ಯಾಂಕಿನ ಮೆಮೋ ಬಂದ 30 ದಿನದೊಳಗೆ ನೋಟಿಸು, ಅದು ಮುಟ್ಟಿದ ಮೇಲೆ ಅವನಿಗೆ 15 ದಿನ, ಆ ಬಳಿಕ ಒಂದು ತಿಂಗಳೊಳಗೆ ದೂರು. ಕೀಲಿಕೈ ತೆಗೆದುಕೊಂಡ ಮೇಲಿನ ತಿಂಗಳುಗಳ ಚೆಕ್ಕು ಹಾಕುವುದು ಬೇರೆ ಮಾತು, ಇಲ್ಲದ ಸಾಲಕ್ಕೆ ಚೆಕ್ಕು ಹಾಕಿದರೆಂದು ತಿರುಗಿ ಬೀಳುತ್ತಾರೆ. ವಕೀಲರನ್ನು ಕೇಳದೆ ಹಾಕಬೇಡಿ.

ಮುಂದಿನ ಕರಾರಿಗೆ

ಹೊಸಬನೊಂದಿಗೆ ಬರೆಯುವಾಗ "ಉಳಿದ ಅವಧಿಯ ಪೂರ್ತಿ ಬಾಡಿಗೆ" ಎಂದು ಬರೆಯುವ ಬದಲು, ಲಾಕ್-ಇನ್ ಮುರಿದರೆ ಇಷ್ಟು ತಿಂಗಳ ಬಾಡಿಗೆ ಪರಿಹಾರ, ಹೊಸ ಗಿರಾಕಿ ಸಿಗಲು ಬೇಕಾಗುವ ಸಮಯ ನೋಡಿ ಇಬ್ಬರೂ ಒಪ್ಪಿದ ಅಂದಾಜು ಇದು, ಎಂದು ಬರೆಯಿಸಿ. ನಾಲ್ಕೈದು ತಿಂಗಳು ಎಂದರೆ ನಿಲ್ಲುವ ಮಾತು. ಡಿಪಾಜಿಟ್ ಅದಕ್ಕಿಂತ ಒಂದೆರಡು ತಿಂಗಳು ಹೆಚ್ಚಿರಲಿ. ಬಾಡಿಗೆ ಐದು ಸಾವಿರ ಹೆಚ್ಚು ಸಿಗುತ್ತದೆಂದು ಡಿಪಾಜಿಟ್ ಕಡಿಮೆ ಮಾಡಬೇಡಿ. ಈಗ ಕ್ಲೌಡ್ ಕಿಚನ್ ಎಂದು ಬರುವ ಹುಡುಗರು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಲ್ಲಿ ಸಹಿ ಮಾಡುತ್ತಾರೆ, ಕಂಪನಿಯಲ್ಲಿ ಒಂದು ಲಕ್ಷ ಬಂಡವಾಳವೂ ಇರುವುದಿಲ್ಲ. ಡೈರೆಕ್ಟರರ ವೈಯಕ್ತಿಕ ಜಾಮೀನು ಬರೆಯಿಸಿಕೊಳ್ಳದೆ ಕೀಲಿಕೈ ಕೊಡಬೇಡಿ.

2020ರ ಲಾಕ್‌ಡೌನಿನಲ್ಲಿ ಎಷ್ಟೋ ಮಂದಿ ಧಂದೆಯೇ ಬಂದ್, ಬಾಡಿಗೆ ಯಾಕೆ ಎಂದು ಕೇಳಿದರು. ಆ ವರ್ಷದ ಮೇ ತಿಂಗಳಲ್ಲಿ ಖಾನ್ ಮಾರ್ಕೆಟಿನ ಒಂದು ಅಂಗಡಿಯ ವಿಷಯದಲ್ಲಿ ದೆಹಲಿ ಹೈಕೋರ್ಟು, ಇದು ಕರಾರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತದ್ದು, ಅಂಗಡಿ ಮುಚ್ಚಿದ್ದೊಂದೇ ಬಾಡಿಗೆ ನಿಲ್ಲಿಸಲು ಕಾರಣವಾಗದು ಎಂದಿತು. ಸರ್ಕಾರದ ಆದೇಶದಿಂದ ಮುಚ್ಚಿದರೆ ಬಾಡಿಗೆ ಅರ್ಧವೋ, ಪೂರ್ತಿಯೋ, ಎಷ್ಟು ದಿನದ ಮೇಲೆ ಬಿಡಬಹುದು ಎಂಬುದನ್ನು ಈಗಲೇ ಬರೆದುಕೊಂಡರೆ ಆಗ ಜಗಳ ಇಲ್ಲ.

ಪುಣೆ, ನವಿ ಮುಂಬಯಿ, ಠಾಣೆಯ ಸದಸ್ಯರಿಗೂ ಮೇಲಿನ ಬಾಡಿಗೆ ಕಾಯಿದೆಯೇ ಅನ್ವಯಿಸುತ್ತದೆ. ಹೈದರಾಬಾದ್, ಚೆನ್ನೈ ಕಡೆಯವರಿಗೆ ಬಾಡಿಗೆ ಕಾಯಿದೆ ಬೇರೆ, ಆದರೆ 73 ಮತ್ತು 74ನೇ ಕಲಮಿನ ಲೆಕ್ಕ ಎಲ್ಲ ಕಡೆಗೂ ಒಂದೇ. ಬಾಕಿ ಬಾಡಿಗೆಗೆ ದಾವೆ ಹೂಡಲು ಮೂರು ವರ್ಷದ ಮಿತಿ ಇದೆ. ಮಾತುಕತೆ ನಡೆಯುತ್ತಿದೆ ಎಂದುಕೊಂಡು ಆ ತಾರೀಕು ದಾಟಿಸದೆ, ಕರಾರುಪತ್ರದ ಹೊರಗೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.